ಮಕ್ಕಳಿಗೆ ಭೂಲ ಕೊಡುವ ಮುಂಚೆ

ಸೊಲ್ಲಾಪುರದಲ್ಲಿ ನನ್ನನ್ನು ಎಲ್ಲರೂ ಕರೆಯುವುದು ‘ಭೂಲ ಡಾಕ್ಟರಬಾಯಿ’ ಎಂದು. ಭೂಲ ಎಂದರೆ ಅರಿವಳಿಕೆ. ಎಂಡೋಸ್ಕೋಪಿಗೆ ಬಂದ ಮಕ್ಕಳನ್ನು ಮಲಗಿಸಿ, ಉಸಿರು ಕಾದು, ನೆಟ್ಟಗೆ ಎಬ್ಬಿಸುವುದು ನನ್ನ ಕೆಲಸ. ಮಕ್ಕಳು ಮಲಗಿಬಿಡುತ್ತವೆ, ಮನೆಯವರನ್ನು ಸಂಭಾಳಿಸುವುದೇ ಕಷ್ಟ. ಹಾಗಾಗಿ ನಮ್ಮಲ್ಲಿ ತಮಾಷೆಗೆ ಬರವೇ ಇಲ್ಲ!

ಕಡಕ್ ಉಪವಾಸ

ಅಕ್ಕಲಕೋಟೆ ಕಡೆಯ ಅಜ್ಜಿಯೊಬ್ಬರು ಮೊಮ್ಮಗನನ್ನು ಕರೆತಂದಿದ್ದರು. ಹೊಟ್ಟೆ ತುಂಬಿದ್ದರೆ ಭೂಲದಲ್ಲಿ ತಿಂದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು, ಜೀವಕ್ಕೇ ಅಪಾಯ. ಅದಕ್ಕೇ ಹಿಂದಿನ ದಿನ ಫೋನಿನಲ್ಲಿ ‘ಉಪವಾಸ ಇಡ್ರಿ’ ಎಂದು ಒತ್ತಿ ಹೇಳಿದ್ದೆ.

‘ಮುಂಜಾನಿಂದ ಏನರ ತಿಂದಾನೇನ್ರಿ?’

‘ಇಲ್ಲವ್ವಾ, ಕಡಕ್ ಉಪವಾಸ!’

ಅಷ್ಟರಲ್ಲಿ ಹುಡುಗ ಜೋರಾಗಿ ತೇಗಿದ.

‘ಅಜ್ಜಿ, ಖರೇ ಹೇಳ್ರಿ.’

‘ಉಪವಾಸಕ್ಕ ಏನು ನಡೀತದೋ ಅಷ್ಟಽ ಕೊಟ್ಟೀನವ್ವಾ. ಸಾಬೂದಾಣಿ ಖಿಚಡಿ, ಬಾಳಿಹಣ್ಣು, ಮ್ಯಾಲ ಒಂದಿಷ್ಟು ಮೊಸರು!’

ತಲೆಯ ಮೇಲೆ ಕೈ ಹೊತ್ತು, ‘ನಾಳೆ ಬರ್ರಿ’ ಎಂದೆ. ಅಜ್ಜಿ ಚಿಂತೆಯಿಂದ ಕೇಳಿದರು: ‘ನಾಳೆ ಏಕಾದಶಿ ಐತಲ್ಲವ್ವಾ, ಖಿಚಡಿ ಬಿಟ್ರ ನಡೀತದೇನು?’

ಪಕ್ಕಾ ತೂಕ

ಮಗುವಿನ ತೂಕ ನೋಡಿಯೇ ಔಷಧಿ ಅಳೆಯಬೇಕು. ದುಧನಿಯ ಕಾಳಿನ ವ್ಯಾಪಾರಿಯೊಬ್ಬರು ಮಗಳನ್ನು ತಕ್ಕಡಿ ಹತ್ತಿಸಲು ಬಿಡಲೊಲ್ಲರು.

‘ನಿನ್ನೆ ನಮ್ಮ ಅಡತಿ ಅಂಗಡ್ಯಾಗ ನಾನಽ ತೂಗೀನ್ರಿ. ಪಕ್ಕಾ ಇಪ್ಪತ್ತಾರು ಕಿಲೋ!’

ಹುಡುಗಿ ನೋಡಿದರೆ ನುಗ್ಗೆಕಾಯಿ. ಹಟ ಹಿಡಿದು ತೂಗಿಸಿದೆ. ಇಪ್ಪತ್ತೊಂದು!

‘ನಿಮ್ಮ ಕಾಂಟಾ ಖರಾಬ್ ಆಗೇದ’ ಎಂದು ಅವರು ಕೂಗಾಡಿದರು. ಮಗಳು ಮೆಲ್ಲಗೆ ಅಂದಳು, ‘ಪಪ್ಪಾ, ನಿನ್ನೆ ನನ್ನ ಬೆನ್ನಮ್ಯಾಲ ಸಾಲಿ ಚೀಲಾ ಇತ್ತು.’

ವ್ಯಾಪಾರಿ ಹಣೆ ಬಡಿದುಕೊಂಡರು. ‘ಅಯ್ಯ, ಚೀಲದ ತೂಕಾ ಕಳಿಯೂದು ಮರತಿನ್ರಿ!’

ಅಜ್ಜನ ಬ್ಯಾಟರಿ

ಒಂದು ಮಧ್ಯಾಹ್ನ ಬಟ್ಟೆ ವ್ಯಾಪಾರಿಗಳ ಇಡೀ ಮನೆಯೇ ಓಡಿಬಂತು. ಐದು ವರ್ಷದ ಹುಡುಗಿ ಅಜ್ಜನ ಕಿವಿಯಂತ್ರದ ಗುಂಡು ಬ್ಯಾಟರಿ ನುಂಗಿದ್ದಳು. ಅದು ಅನ್ನನಾಳದಲ್ಲೇ ಸಿಕ್ಕಿಕೊಂಡಿತ್ತು! ತಡವಾದರೆ ನಾಳವೇ ಸುಟ್ಟೀತು; ಹೊಟ್ಟೆ ಖಾಲಿಯಾಗಲು ಕಾಯುವಂತಿಲ್ಲ, ಊಟ ಬೇರೆ ಮಾಡಿದ್ದಳು. ಭೂಲ ಕೊಟ್ಟ ಕೂಡಲೇ ಉಸಿರಿನ ದಾರಿಗೆ ನಳಿಕೆ ಹಾಕಿ ಕಾಪಾಡಿಕೊಂಡೆ. ಕಣ್ಣು ಮಾನಿಟರಿನ ಮೇಲೆ. ಆಕ್ಸಿಜನ್ ಒಮ್ಮೆ ಇಳಿಯಿತು. ನಾನು ಉಸಿರು ಕೊಡುತ್ತಲೇ ಇದ್ದೆ. ಮತ್ತೆ ಏರಿತು! ‘ಸಿಕ್ತು, ಸಿಕ್ತು!’ ಎಂದು ಎಂಡೋಸ್ಕೋಪಿ ಡಾಕ್ಟರು ಕೂಗಿದರು. ಕುಣಿಯುವುದೊಂದು ಬಾಕಿ ಇತ್ತು ನಮಗೆ.

ಹೊರಗೆ ಬಂದು ‘ಆರಾಮ ಅದಾಳ್ರಿ’ ಎಂದೆ. ಎಲ್ಲರೂ ಅತ್ತು ನಕ್ಕರು. ಅಜ್ಜನೊಬ್ಬನೇ ‘ಏನಂದ್ರಿ? ಏನಂದ್ರಿ?’ ಎಂದು ಬಾಯಿಂದ ಬಾಯಿಗೆ ನೋಡುತ್ತಿದ್ದ.

ಹುಡುಗಿ ಪೂರ್ತಿ ಎಚ್ಚರವಾದ ಮೇಲೆ ತಾಯಿ ಅಪ್ಪಿಕೊಂಡು ಕೇಳಿದಳು, ‘ಅದನ್ಯಾಕ ನುಂಗಿದೆವ್ವಾ ನನ್ನ ಬಂಗಾರಾ?’

ಒಡೆದ ದನಿಯಲ್ಲಿ ಉತ್ತರ ಬಂತು: ‘ನೀನಽ ದಿನಾ ಬೈತಿ, ನಾ ಮಾತು ಕೇಳಂಗಿಲ್ಲಂತ. ಅಜ್ಜಗ ಅದನ್ನ ಹಾಕಿದ ಕೂಡಲೇ ಎಲ್ಲಾ ಕೇಳ್ತದಲ್ಲ!’