ಮುಡಿ ಕೊಟ್ಟವನ ಮುಖ ತಪಾಸಣೆ

ಪ್ರತಿ ಮನೆತನದಲ್ಲೂ ಇಂಗ್ಲಿಷ್ ಕಾಗದ ಓದಿ ಹೇಳುವವನೊಬ್ಬ ಇರುತ್ತಾನೆ. ಅವನಿಗೆ ಇಂಗ್ಲಿಷ್ ಎಷ್ಟು ಬರುತ್ತದೆ ಎಂಬುದು ಮುಖ್ಯವಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಕಾಗದವನ್ನು ಒಂದು ಮೊಳ ದೂರ ಹಿಡಿದು, ಗಂಭೀರವಾಗಿ 'ಹೂಂ' ಎನ್ನಲು ಬಂದರೆ ಸಾಕು. ನನ್ನ ಹೆಂಡತಿ ಗಿರಿಜೆಯ ತವರಾದ ಹಳ್ಳಿಮೈಸೂರಿನಲ್ಲಿ ಆ ಹುದ್ದೆ ಮದುವೆಯಾದ ದಿನದಿಂದ ನನ್ನದೇ. ಹಾಸನದ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿ ಸೇರಿ, ಗುಮಾಸ್ತನಾಗಿಯೇ ನಿವೃತ್ತನಾದವನು ನಾನು. ಆದರೆ ಅತ್ತೆಯವರ ಕಣ್ಣಿಗೆ ದೇಶದ ಹಣಕಾಸೆಲ್ಲ ನನ್ನ ಮೇಜಿನ ಮೇಲಿಂದಲೇ ಹಾದುಹೋಗುತ್ತಿತ್ತು. ಒಮ್ಮೆ ಕಣ್ಣಿನ ಆಸ್ಪತ್ರೆಯ ಚೀಟಿಯನ್ನು ಓದಿ ಹೇಳುವಾಗ, ಎಡಗಣ್ಣಿಗೆ ಹಾಕಬೇಕಾದ ಔಷಧಿಯನ್ನು ಹದಿನೈದು ದಿನ ಬಲಗಣ್ಣಿಗೆ ಹಾಕಿಸಿಬಿಟ್ಟೆ. ಅವರು ಬೇಸರಪಡಲಿಲ್ಲ. 'ಬಲಗಣ್ಣೀಗ ಬಲು ಚೆಂದಾಗಿ ಕಾಣ್ತದೆ ಅಳಿಯಂದ್ರೇ' ಎಂದು ಹೊಗಳಿದರು. ಇಂಥ ನಂಬಿಕೆ ಇಟ್ಟವರ ಎದುರು ಮನುಷ್ಯ ಎಚ್ಚರಿಕೆಯಿಂದ ಇರಬೇಕು. ನಾನು ಇರಲಿಲ್ಲ.

ಗಿರಿಜೆಯ ತಮ್ಮ ಮಹೇಶ ನರ್ಸ್. ಬ್ರಿಟನ್ನಿನ ಯಾವುದೋ ಊರಿನ ಆಸ್ಪತ್ರೆಯಲ್ಲಿ ಮೂರು ವರ್ಷದಿಂದ ಕೆಲಸ. ಹೆಂಡತಿ ರೂಪಾ ಮತ್ತು ಆರು ವರ್ಷದ ಮಗಳು ಹಳ್ಳಿಮೈಸೂರಿನಲ್ಲಿ ಅತ್ತೆಯವರ ಜೊತೆ. ಈ ಮಹೇಶ ಅಲ್ಲಿ ಊಟದ ಬಿಡುವಿನಲ್ಲಿ ಮೊಬೈಲಿನಲ್ಲಿ ಚಕ್ರ ತಿರುಗಿಸುವ ಜೂಜಿನ ಆಟ ಆಡುತ್ತಿದ್ದನಂತೆ. ಅಲ್ಲಿ ಅದು ಕಾನೂನುಬದ್ಧ. ವಾರಕ್ಕೆ ಒಂದೆರಡು ಪೌಂಡು, ಅಷ್ಟೇ, ಎಂದು ಅವನು ಹೇಳಿದ. ಅಷ್ಟೇ ಎಂದು ನಾವೂ ನಂಬಿದೆವು. ಊರಿಗೆ ರಜೆಗೆ ಹೊರಡುವ ಹಿಂದಿನ ದಿನ ಆ ಚಕ್ರಕ್ಕೆ ಏನಾಯಿತೋ, ಅವನ ಪಾಲಿಗೆ ನಿಂತುಬಿಟ್ಟಿತು. ಗೆದ್ದದ್ದು ನಮ್ಮ ಲೆಕ್ಕದಲ್ಲಿ ಇಪ್ಪತ್ತಾರು ಲಕ್ಷ ರೂಪಾಯಿ! ಅಲ್ಲೇ ಕೂತು 'ದುಡ್ಡು ಕೊಡಿ' ಎಂದು ಅರ್ಜಿ ಹಾಕಿ ವಿಮಾನ ಹತ್ತಿದ.

ವಿಷಯ ತಿಳಿದಾಗ ಗಿರಿಜೆ, 'ಜೂಜು ಅಂದ್ರೆ ಜೂಜೇ, ಬ್ರಿಟನ್ ಆದ್ರೇನು ಬೂದನೂರಾದ್ರೇನು' ಎಂದು ಒಂದು ಗಂಟೆ ಬೈದಳು. ಆಮೇಲೆ ಮೆಲ್ಲಗೆ, 'ಯಾವಾಗ ಬರುತ್ತಂತೆ?' ಎಂದಳು. ಅವಳ ಆತುರಕ್ಕೆ ಕಾರಣವಿತ್ತು. ಆಸ್ಪತ್ರೆಯವರು ಇನ್ನೂ ಮೂರು ವರ್ಷದ ಕರಾರಿಗೆ ಸಹಿ ಹಾಕುತ್ತೀಯೋ ಇಲ್ಲವೋ, ಶುಕ್ರವಾರದೊಳಗೆ ತಿಳಿಸು ಎಂದು ಮಹೇಶನಿಗೆ ಹೇಳಿದ್ದರು. ದುಡ್ಡು ಬಂದರೆ ಸಹಿ ಹಾಕುವುದಿಲ್ಲ. ಚನ್ನರಾಯಪಟ್ಟಣದಲ್ಲಿ ಒಂದು ಅಂಗಡಿಮನೆ ಹಿಡಿದು, ಒಂದು ವ್ಯಾನು ಕೊಂಡು, ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಶುಶ್ರೂಷೆ ಮಾಡುವ ಕೆಲಸ ಶುರುಮಾಡುತ್ತೇನೆ ಎಂದಿದ್ದ. ಬಾರದಿದ್ದರೆ ಮತ್ತೆ ಮೂರು ವರ್ಷ ಮಗಳು ಅಪ್ಪನನ್ನು ಫೋನಿನೊಳಗೇ ನೋಡಬೇಕು. ರೂಪಾ ಬಾಯಿಬಿಟ್ಟು ಏನೂ ಹೇಳುವವಳಲ್ಲ. ಆದರೆ ಆ ವಾರವಿಡೀ ಅವಳು ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದಳು.

ಭಾನುವಾರ ಮಹೇಶ ಬಂದು ಊಟ ಮಾಡಿ ಮಲಗಿದ. ಪ್ರಯಾಣದ ನಿದ್ದೆ, ಡೋಲು ಬಡಿದರೂ ಏಳದಂಥದ್ದು. ನಾನೂ ಗಿರಿಜೆಯೂ ಅಲ್ಲೇ ಇದ್ದೆವು. ಸಂಜೆ ಅವನ ಫೋನು 'ಟಿಣ್' ಎಂದಿತು. ಅತ್ತೆಯವರು ಅದನ್ನು ಎರಡೂ ಕೈಯಲ್ಲಿ ಪ್ರಸಾದದಂತೆ ಹಿಡಿದುಕೊಂಡು ಬಂದು, 'ಸೀಮೆಯಿಂದ ಕಾಗ್ದ ಬಂದಂಗದೆ, ವಸಿ ಓದಿ ಏಳಿ ಅಳಿಯಂದ್ರೇ' ಎಂದರು. ಫೋನಿಗೆ ಬೀಗ ಹಾಕಿತ್ತು. ಹೊರಗಿನ ಪರದೆಯ ಮೇಲೆ ಎರಡೇ ಎರಡು ಸಾಲು ಕಾಣುತ್ತಿದ್ದವು. ಒಂದರಲ್ಲಿ ಅಭಿನಂದನೆ, ಇನ್ನೊಂದರಲ್ಲಿ ಅವನ ಹೆಸರು ಮತ್ತು ಪೂರ್ತಿ ಮೊತ್ತ. ಉಳಿದದ್ದು ಬೀಗದೊಳಗೆ. ಬೇರೆ ಯಾರಾದರೂ ಆಗಿದ್ದರೆ 'ಮಿಕ್ಕದ್ದು ಕಾಣುತ್ತಿಲ್ಲ' ಎನ್ನುತ್ತಿದ್ದರು. ಕಾಣದ್ದನ್ನೂ ಓದುವುದು ನನ್ನ ಹುದ್ದೆಯ ಘನತೆ. ಕನ್ನಡಕ ಇಳಿಸಿ, 'ಹೂಂ' ಎಂದು, 'ದುಡ್ಡು ಬಂತು ಅತ್ತೆ' ಎಂದುಬಿಟ್ಟೆ.

ಅತ್ತೆಯವರು ಅಲ್ಲೇ ಕೈಮುಗಿದರು. ಆಮೇಲೆ ತಿಳಿಯಿತು, ಮಗನ ದುಡ್ಡು ಬಂದರೆ ಅವನ ಮುಡಿ ಕೊಡಿಸುತ್ತೇನೆಂದು ಅರಕಲಗೂಡು ಕಡೆಯ ಮನೆದೇವರಿಗೆ ಹರಕೆ ಹೊತ್ತಿದ್ದರು. 'ದ್ಯಾವ್ರು ಮಾತು ಉಳಿಸ್ಕಂಡವ್ನೆ, ನಾವು ತಡ ಮಾಡಬಾರ್ದು' ಎಂದು ಅರ್ಧ ಗಂಟೆಯೊಳಗೆ ಪೂಜಾರಿಗೆ ಫೋನು ಹೋಯಿತು, ಕಾರು ಗೊತ್ತಾಯಿತು. ಮಹೇಶ ಎದ್ದಾಗ ಎಲ್ಲ ನಿಶ್ಚಯವಾಗಿತ್ತು. ಆ ಇಮೇಲನ್ನು ಅವನೂ ಪೂರ್ತಿ ಓದಲಿಲ್ಲ. ಮನೆಯಲ್ಲಿ ಬ್ಯಾಂಕಿನವನೊಬ್ಬ ಓದಿ ಹೇಳಿದ ಮೇಲೆ ಇನ್ನೊಬ್ಬರು ಓದುವ ಪದ್ಧತಿ ನಮ್ಮಲ್ಲಿಲ್ಲ. ಅದು ದೊಡ್ಡವರಿಗೆ ಅವಮಾನ. ಸೋಮವಾರ ಬೆಳಿಗ್ಗೆ ದೇವಸ್ಥಾನದ ಮುಂದಿನ ಕಲ್ಲುಹಾಸಿನ ಮೇಲೆ ಅವನನ್ನು ಕೂರಿಸಿದರು. ತಲೆ, ಗಡ್ಡ, ಮೀಸೆ ಎಲ್ಲ ಹೋಯಿತು. ಕಾಲೇಜಿನ ದಿನಗಳಿಂದ ಅವನು ಪೊದೆಯಂತೆ ಬೆಳೆಸಿದ್ದ ಗಡ್ಡವದು. ನುಣ್ಣನೆಯ ತಲೆಗೆ ಗಂಧ ಹಚ್ಚಿಕೊಂಡು ಎದ್ದು ಬಂದವನನ್ನು ನೋಡಿ ಮಗಳು ರೂಪಾಳ ಸೆರಗಿನ ಹಿಂದೆ ಅವಿತುಕೊಂಡು, 'ಇದ್ಯಾರು?' ಎಂದಳು.

ಅದೇ ಪ್ರಶ್ನೆಯನ್ನು ಮಂಗಳವಾರ ಬ್ರಿಟನ್ನಿನ ಆಟದ ಕಂಪನಿಯವರು ಕೇಳಿದರು. ದುಡ್ಡು ಖಾತೆಗೆ ಬಾರದ್ದನ್ನು ಕಂಡು ಮಹೇಶ ಅಂದು ಆ ಇಮೇಲನ್ನು ತೆರೆದು ಪೂರ್ತಿ ಓದಿದ. ಬೀಗದೊಳಗಿದ್ದ ಸಾಲುಗಳು ಹೇಳಿದ್ದಿಷ್ಟು: ನೀವು ಗೆದ್ದದ್ದು ಸಂತೋಷ, ನಿಮ್ಮ ಅರ್ಜಿ ತಲುಪಿದೆ, ಮೊತ್ತ ದೊಡ್ಡದಾದ್ದರಿಂದ ನೀವು ನೀವೇ ಎಂದು ಮೊದಲು ತೋರಿಸಿ. ಪಾಸ್‌ಪೋರ್ಟು, ಮನೆಯ ವಿಳಾಸದ ಪುರಾವೆ, ಆಡಿದ ದುಡ್ಡು ಸಂಬಳದ್ದೇ ಎನ್ನುವುದಕ್ಕೆ ದಾಖಲೆ, ಜೊತೆಗೆ ಈ ಕ್ಷಣದ ಜೀವಂತ ಮುಖ. ಫೋನಿನಲ್ಲಿ ಒಂದು ಮೊಟ್ಟೆಯಾಕಾರದ ಗೆರೆ ಮೂಡುತ್ತಿತ್ತು. ಅದರೊಳಗೆ ಮುಖವಿಟ್ಟು ಎಡಕ್ಕೆ ತಿರುಗು, ಬಲಕ್ಕೆ ತಿರುಗು. ಮಹೇಶ ತಿರುಗಿದ. ಪಾಸ್‌ಪೋರ್ಟಿನ ಗಡ್ಡಧಾರಿಗೂ ಈ ಬೋಳುತಲೆಗೂ ಹೊಂದಿಕೆಯಿಲ್ಲ ಎಂದಿತು ಫೋನು. ಮೂರು ಸಲ ಅದೇ ಉತ್ತರ. ನಾಲ್ಕನೆಯ ಸಲ ಕೇಳಲೇ ಇಲ್ಲ. ಗುರುವಾರ ನಮ್ಮ ಅಧಿಕಾರಿ ವಿಡಿಯೋದಲ್ಲಿ ಮಾತನಾಡುತ್ತಾರೆ, ದಾಖಲೆಗಳನ್ನು ಮೊದಲೇ ಕಳುಹಿಸಿ ಎಂದು ಬಾಗಿಲು ಹಾಕಿಕೊಂಡಿತು.

ಮನೆಯಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಅದೇ ಕಷ್ಟ. ಬೈದಿದ್ದರೆ ಒಂದು ಲೋಟ ಕಾಫಿ ಕುಡಿದು ಮರೆಯಬಹುದಿತ್ತು. ಮಹೇಶ ತಲೆ ಸವರಿಕೊಳ್ಳುತ್ತಾ, 'ಹೋಗ್ಲಿ ಬಿಡಿ ಭಾವ, ಸಹಿ ಹಾಕ್ತೀನಿ, ಮೂರು ವರ್ಷ ಹೆಂಗೋ ಕಳೀತದೆ' ಎಂದ. ಒಳಗೆ ರೂಪಾ ಪಾತ್ರೆ ತೊಳೆಯುತ್ತಿದ್ದ ಸದ್ದು ತಟ್ಟನೆ ನಿಂತಿತು. ಗಿರಿಜೆ ಮಾತ್ರ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, 'ನೋಡಿ, ಹಾಳು ಮಾಡಿದ್ದು ನೀವು, ಸರಿ ಮಾಡೋದೂ ನೀವೇ. ಇಷ್ಟು ವರ್ಷ ಬ್ಯಾಂಕಲ್ಲಿ ಕೂತು ಜನಾನ ಅಲೆದಾಡಿಸಿದ್ರಲ್ಲ, ಆ ವಿದ್ಯೆ ಇವತ್ತು ತೆಗೀರಿ' ಎಂದಳು.

ನಿಜ ಹೇಳಬೇಕೆಂದರೆ ಆ ಮಾತು ನನ್ನನ್ನು ಎಬ್ಬಿಸಿ ಕೂರಿಸಿತು. ಸಾಲ ಕೊಡದೆ ವಾಪಸು ಕಳಿಸುವುದು ಹೇಗೆಂದು ಬಲ್ಲವನಿಗೆ, ವಾಪಸು ಕಳಿಸಲಾಗದಂತೆ ಕಾಗದ ಜೋಡಿಸುವುದೂ ಗೊತ್ತಿರುತ್ತದೆ. ಕಾಗದಗಳನ್ನು ಒಂದೊಂದಾಗಿ ಕಳಿಸಬಾರದು, ಒಂದೊಂದಕ್ಕೂ ಒಂದೊಂದು ಪ್ರಶ್ನೆ ಹುಟ್ಟುತ್ತದೆ. ಪುಟದ ನಾಲ್ಕೂ ಮೂಲೆ ಕಾಣಬೇಕು. ಮೂಲೆ ಕಾಣದ ಕಾಗದವೆಂದರೆ ನಮ್ಮ ಮ್ಯಾನೇಜರಿಗೆ ಹಬ್ಬವಾಗುತ್ತಿತ್ತು. ಬುಧವಾರ ಬೆಳಿಗ್ಗೆಯೇ ಮಹೇಶನನ್ನು ಎಳೆದುಕೊಂಡು ಹೊಳೆನರಸೀಪುರದ ಜೆರಾಕ್ಸ್ ಅಂಗಡಿಗೆ ಹೋದೆ. ಮೊಬೈಲಿನಲ್ಲಿದ್ದ ಸಂಬಳದ ಚೀಟಿಗಳನ್ನು ತೆಗೆಸಿದೆ. ಅವನಿದ್ದ ಕೋಣೆಯ ಕರೆಂಟ್ ಬಿಲ್ಲು ಮನೆಯ ಮಾಲೀಕನ ಹೆಸರಿನಲ್ಲಿತ್ತು; ಅದನ್ನು ಪಕ್ಕಕ್ಕಿಟ್ಟು, ಅಲ್ಲಿನ ಬ್ಯಾಂಕು ಅದೇ ವಿಳಾಸಕ್ಕೆ ಕಳಿಸುತ್ತಿದ್ದ ಖಾತೆಯ ಪಟ್ಟಿ ತೆಗೆಸಿದೆ. ಅದರಲ್ಲೇ ಸಂಬಳ ಬಂದದ್ದೂ ಇತ್ತು, ಆಟಕ್ಕೆ ಹೋದದ್ದೂ ಇತ್ತು. ಹೋದದ್ದು ಅವನು ಹೇಳಿದ್ದಕ್ಕಿಂತ ತುಸು ಹೆಚ್ಚೇ ಇತ್ತು. ನಾನು ಅವನ ಮುಖ ನೋಡಿದೆ. ಅವನು ಜೆರಾಕ್ಸ್ ಯಂತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

ಉಳಿದದ್ದು ಮುಖ. ಅದಕ್ಕೂ ದಾಖಲೆ ಸಿಕ್ಕಿತು! ದೇವಸ್ಥಾನದಲ್ಲಿ ಮುಡಿಸೇವೆಗೆಂದು ಅತ್ತೆಯವರು ದುಡ್ಡು ಕಟ್ಟಿ ರಸೀತಿ ಹರಿಸಿದ್ದರು. ಅದರಲ್ಲಿ ಮಹೇಶನ ಹೆಸರು, ತಾರೀಖು, ಸೇವೆಯ ವಿವರ, ಮೇಲೆ ನೇರಳೆ ಬಣ್ಣದ ಮೊಹರು. ಆ ಮೊಹರು ನೋಡಿ ನನಗೆ ಕಣ್ಣು ತುಂಬಿ ಬಂತು. ಅದನ್ನು ಇಂಗ್ಲಿಷಿಗೆ ಅನುವಾದಿಸಿ, ಕೆಳಗೆ 'ನಿಜವಾದ ಅನುವಾದ' ಎಂದು ಬರೆದು ಸಹಿ ಹಾಕಿದೆ. ಜೊತೆಗೆ ಗಿರಿಜೆ ಮೊಬೈಲಿನಲ್ಲಿ ತೆಗೆದಿದ್ದ ಚಿತ್ರಗಳು: ಕಲ್ಲಿನ ಮೇಲೆ ಗಡ್ಡದೊಂದಿಗೆ ಕೂತ ಮಹೇಶ, ಅರ್ಧ ಬೋಳಾದ ಮಹೇಶ, ಪೂರ್ತಿ ಬೋಳಾದ ಮಹೇಶ. ಎಲ್ಲವನ್ನೂ ಪುಟಸಂಖ್ಯೆ ಹಾಕಿ ಒಂದೇ ಕಡತ ಮಾಡಿ ಕಳಿಸಿದೆ. ನನ್ನ ಸೇವಾವಧಿಯಲ್ಲಿ ಅಂಥ ಕಡತ ನನ್ನ ಮೇಜಿಗೆ ಬಂದಿದ್ದರೆ ನಾನು ಎದ್ದು ನಿಲ್ಲುತ್ತಿದ್ದೆ.

ಗುರುವಾರ ಮಧ್ಯಾಹ್ನ ವಿಡಿಯೋದಲ್ಲಿ ಬಂದ ಅಧಿಕಾರಿ ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಕೋಣೆಯಲ್ಲಿ ಮಹೇಶನನ್ನು ಬಿಟ್ಟು ಬೇರೆ ಯಾರೂ ಇರಕೂಡದು ಎಂಬುದು ಅವಳ ಮೊದಲ ಮಾತು. ತಲೆಗೂ ಹಣೆಗೂ ಹೊಸದಾಗಿ ಗಂಧ ಹಚ್ಚಿಕೊಂಡಿದ್ದ ಮಹೇಶನನ್ನು ಒಳಗೆ ಬಿಟ್ಟು, ನಾವೆಲ್ಲ ಹೊರಗೆ ಬಂದು ಕಿಟಕಿಯ ಕೆಳಗೆ ಸಾಲಾಗಿ ಕೂತೆವು. ವಿಳಾಸ ಕೇಳಿದಳು, ಹುಟ್ಟಿದ ದಿನ ಕೇಳಿದಳು, ಕೊನೆಗೆ ತಲೆ ಬೋಳಿಸಿದ್ದು ಏತಕ್ಕೆ ಎಂದು ಕೇಳಿದಳು. ಮಹೇಶನಿಗೆ ಆ ಕ್ಷಣಕ್ಕೆ ಸುಳ್ಳು ಹೊಳೆಯಲಿಲ್ಲ. 'ದೇವರಿಗೆ ಹರಕೆ. ನೀವು ಈ ದುಡ್ಡು ಕೊಡಲಿ ಅಂತ' ಎಂದ. ಅವಳು ನಕ್ಕ ಸದ್ದು ಕೇಳಿಸಿತು. 'ಹಾಗಾದರೆ ನಿಮ್ಮ ದೇವರು ನಮಗಿಂತ ಚುರುಕು, ಪಾವತಿ ಮೊದಲೇ ತೆಗೆದುಕೊಂಡಿದ್ದಾರೆ' ಎಂದಳು. ಆದರೂ ಅವಳಿಗೆ ಸಮಾಧಾನವಿಲ್ಲ. ಪಾಸ್‌ಪೋರ್ಟಿನ ಚಿತ್ರದಲ್ಲಿ ಎಡಹುಬ್ಬಿನ ಮೇಲೆ ಏನೋ ಗುರುತಿದೆ, ಈಗ ಕಾಣುತ್ತಿಲ್ಲವಲ್ಲ ಎಂದಳು. ಮಹೇಶ ಹುಬ್ಬು ಮುಟ್ಟಿಕೊಂಡು ತಡವರಿಸಿದ.

ನಾನು ಮೆಲ್ಲಗೆ ಅದನ್ನು ಕನ್ನಡದಲ್ಲಿ ಹೇಳಿದ್ದೇ ತಪ್ಪಾಯಿತೋ ಒಳ್ಳೆಯದಾಯಿತೋ, ಅತ್ತೆಯವರು ಎದ್ದು ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದರು. 'ಗಂಧ ಮೆತ್ಕಂಡು ಕೂತ್ರೆ ಎಂಗ್ಲಾ ಕಂಡದು!' ಎಂದು ಸೆರಗಿನ ತುದಿಯಿಂದ ಅವನ ಹಣೆಯನ್ನು ಉಜ್ಜಿ, ಗಲ್ಲ ಹಿಡಿದು ಮುಖವನ್ನು ಫೋನಿಗೆ ಒಡ್ಡಿದರು. 'ನೋಡವ್ವಾ, ಚೆನ್ನಾಗ್ ನೋಡ್ಕೊ. ನಾಕ್ ವರ್ಸದವ್ನಿದ್ದಾಗ ಈಳಿಗೆಮಣೆ ಮೇಲೆ ಬಿದ್ದಿದ್ದು. ಎತ್ಕಂಡು ಆಸ್ಪತ್ರೆಗೆ ಓಡ್ದೋಳು ನಾನು. ನನ್ ಮಗ ಅಲ್ದೆ ಇನ್ಯಾರ್ದವ್ವಾ ಇದು?' ಆ ಹೆಣ್ಣುಮಗಳಿಗೆ ಒಂದಕ್ಷರ ಕನ್ನಡ ಬಾರದು. ನಿಯಮ ಮುರಿದದ್ದಕ್ಕೆ ಕರೆ ಕಡಿದುಬಿಡುತ್ತಾಳೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಅವಳು ಕಡಿಯಲಿಲ್ಲ. ಅಮ್ಮನನ್ನು ಹೊರಗೆ ಕಳಿಸಿ, ಅವನನ್ನು ಇನ್ನೊಮ್ಮೆ ಎಡಕ್ಕೂ ಬಲಕ್ಕೂ ತಿರುಗಿಸಿ, ಗಾಯದ ಗುರುತು ಸರಿಯಾಗಿದೆ, ದಾಖಲೆಗಳು ಇಷ್ಟು ಅಚ್ಚುಕಟ್ಟಾಗಿ ಬರುವುದು ಅಪರೂಪ ಎಂದಳು. ಅಚ್ಚುಕಟ್ಟು ಎಂದಳು! ಮೂವತ್ತೈದು ವರ್ಷದ ಸರ್ವೀಸಿನಲ್ಲಿ ಯಾವ ಮೇಲಧಿಕಾರಿಯೂ ನನಗೆ ಹೇಳದ ಮಾತದು.

ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗೆ ಫೋನು 'ಟಿಣ್' ಎಂದಾಗ ಅತ್ತೆಯವರು ಅಭ್ಯಾಸಬಲದಿಂದ ನನ್ನ ಕಡೆ ನೋಡಿದರು. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ಮಹೇಶನೇ ಬೀಗ ತೆಗೆದು, ಬ್ಯಾಂಕಿನ ಖಾತೆ ತೆರೆದು, ಕೊನೆಯ ಸಾಲಿನವರೆಗೂ ಗಟ್ಟಿಯಾಗಿ ಓದಿದ. ಬಂದಿತ್ತು. ಒಂದು ಪೌಂಡೂ ಕಮ್ಮಿಯಿಲ್ಲದೆ, ಒಂದೇ ಕಂತಿನಲ್ಲಿ! ರೂಪಾ ಅಡುಗೆಮನೆಯ ಬಾಗಿಲಲ್ಲೇ ಕುಸಿದು ಕೂತು ಮುಖ ಮುಚ್ಚಿಕೊಂಡು ಅತ್ತಳು. ಅಷ್ಟೊಂದು ಸಂತೋಷದ ಅಳುವನ್ನು ನಾನು ಎಲ್ಲೂ ಕಂಡಿರಲಿಲ್ಲ, ನನಗೂ ತಡೆಯಲಾಗಲಿಲ್ಲ. ಮಹೇಶ ಅಲ್ಲೇ ನಿಂತು ಆಸ್ಪತ್ರೆಗೆ 'ಸಹಿ ಹಾಕುವುದಿಲ್ಲ' ಎಂದು ಬರೆದ. ಅತ್ತೆಯವರು ದೀಪ ಹಚ್ಚಿ ಅವನ ಕೈಯನ್ನು ಅದರ ಮುಂದೆ ಹಿಡಿಸಿ, 'ಜೂಜಿನ್ ದುಡ್ಡು ಒಂದ್ಸಲ ಬತ್ತದೆ, ಅತ್ತು ಸಲ ಓಯ್ತದೆ. ಇದೇ ಕಡೆ ಅಂತ ಆಣೆ ಮಾಡ್ಲಾ' ಎಂದರು. ಅವನು ಆಣೆ ಮಾಡಿ ಆ ಆಟವನ್ನು ಫೋನಿನಿಂದ ಅಳಿಸಿದ. ಈಗ ಚನ್ನರಾಯಪಟ್ಟಣದ ಬೀದಿಗಳಲ್ಲಿ ಒಂದು ಬಿಳಿ ವ್ಯಾನು ಓಡಾಡುತ್ತದೆ. ಸಂಜೆ ಮಗಳನ್ನು ಶಾಲೆಯಿಂದ ಕರೆತರುವುದೂ ಅದೇ.

ಮುಂದಿನ ಒಂದು ವಾರ ಹಾಸನದಲ್ಲಿ ನನ್ನ ಜೊತೆ ಬೆಳಗಿನ ನಡಿಗೆಗೆ ಬರುವವರಿಗೆಲ್ಲ ಬ್ರಿಟನ್ನಿನಿಂದ ದುಡ್ಡು ಬಿಡಿಸುವ ಕಲೆಯನ್ನು ಬೋಧಿಸಿದೆ. ಇಬ್ಬರು ನಡಿಗೆಯ ದಾರಿಯನ್ನೇ ಬದಲಿಸಿದರು. ಎಂಟನೆಯ ದಿನ ಅತ್ತೆಯವರ ಫೋನು ಬಂತು. 'ಅಳಿಯಂದ್ರೇ, ಬರೋ ಸ್ವಾಮಾರ ಬಿಡುವು ಮಾಡ್ಕಳಿ. ಆವತ್ತು ಆ ಹುಡ್ಗಿ ಗಾಯದ ಗುರುತು ಕೇಳ್ದಾಗ ನನ್ ಎದೆ ದಸಕ್ ಅಂತು. ಕಿಟಕಿ ತಾವ್ಲೇ ನಿಮ್ ಮುಡೀನೂ ಕೊಡುಸ್ತೀನಿ ಅಂತ ದ್ಯಾವ್ರಿಗೆ ಏಳ್ಕಂಡ್ಬುಟ್ಟೆ.' ನಾನು ಗಿರಿಜೆಯ ಕಡೆ ನೋಡಿದೆ. ಅವಳು ಆಗಲೇ ನನ್ನ ಪಂಚೆ ಮಡಚಿ ಚೀಲದೊಳಗೆ ಇಡುತ್ತಿದ್ದಳು.

ತಲೆ, ಮೀಸೆ ಎರಡನ್ನೂ ಒಪ್ಪಿಸಿ ಹಗುರಾಗಿ ಬಂದೆ. ಅದಾದ ಮೂರನೆಯ ದಿನವೇ ನನ್ನ ಪಿಂಚಣಿಗೆ ಬದುಕಿದ್ದೇನೆಂಬ ಪ್ರಮಾಣಪತ್ರ ಕೊಡಬೇಕಿತ್ತು. ನಾನು ದುಡಿದ ಶಾಖೆಗೇ ಹೋದೆ. ಕೌಂಟರಿನಲ್ಲಿದ್ದವನು ನನ್ನ ಕೈಕೆಳಗೆ ಕೆಲಸ ಕಲಿತ ಹುಡುಗ ಮಂಜುನಾಥ. ಎದ್ದು ನಿಂತು ನಮಸ್ಕಾರ ಮಾಡಿದ, ಕಾಫಿ ತರಿಸಿದ, ಮನೆಯವರನ್ನೆಲ್ಲ ವಿಚಾರಿಸಿದ. ಆಮೇಲೆ ಫೋನನ್ನು ನನ್ನ ಮುಖಕ್ಕೆ ಹಿಡಿದು ಎರಡು ಸಲ ನೋಡಿ, ಬಹಳ ವಿನಯದಿಂದ, 'ಮೊಕ ಒಂದಾಯ್ತಿಲ್ಲ ಸಾ, ಕೂದ್ಲು ಬಂದ್ಮೇಲೆ ಬನ್ನಿ' ಎಂದ. 'ಲೋ ಮಂಜ, ನಾನು ಕಣೋ' ಎಂದೆ. 'ನೀವೇ ಅಂತ ನಂಗೊತ್ತು ಸಾ. ಆದ್ರೆ ದ್ಯಾವ್ರೇ ಬಂದ್ ನಿಂತ್ರೂ ಕಾಗ್ದ ಒಪ್ದಿದ್ರೆ ವಾಪಸ್ ಕಳ್ಸು ಅಂತ ಏಳ್ಕೊಟ್ಟೋರು ನೀವೇ ಅಲ್ವಾ?' ಎಂದು ಕಾಫಿಯ ಲೋಟವನ್ನು ನನ್ನ ಹತ್ತಿರಕ್ಕೆ ಸರಿಸಿದ. ಸತ್ತಿಲ್ಲವೆಂದು ಸಾಬೀತಾಗದ ಮನುಷ್ಯ ಇನ್ನೇನು ಮಾಡಲಾದೀತು, ಕುಡಿದೆ. ಸಕ್ಕರೆ ಸರಿಯಾಗಿತ್ತು.