ಫವ್ವಾಜನ ಮೀಸೆ ಮತ್ತು ಒಂದು ಬಟ್ಟಲು ಕಾಫಿ

"ಒಂದೇ ಒಂದು ಹನಿ ಕಾಫಿ ನಾಲಿಗೆಗೆ ತಾಗಲಿ, ಈ ಮೀಸೆ ಬೋಳಿಸಿಬಿಡ್ತೀನಿ!"

ಡಾಕ್ಟರು ಕಾಫಿ ಬಿಡಲು ಹೇಳಿದ್ದಾರೆಂದು ಹೆಂಡತಿ ಇನ್ಶಿರಾಹ್ ತಿಳಿಸಿದ್ದೇ ತಡ, ಫವ್ವಾಜ್ ಹೀಗೆ ಘರ್ಜಿಸಿದ್ದ. ಅಮ್ಮಾನ್ ನಗರದಲ್ಲಿ ಮೀಸೆಯ ಮೇಲೆ ಆಣೆ ಇಟ್ಟ ಗಂಡಸು ಹಿಂದೆ ಸರಿಯುವ ಮಾತೇ ಇಲ್ಲ. ದಿನಕ್ಕೆ ಹನ್ನೊಂದು ಬಟ್ಟಲು ಇಳಿಸುತ್ತಿದ್ದ ಮಹಾಶಯ ಅಂದೇ ಕಾಫಿಸನ್ಯಾಸ ಸ್ವೀಕರಿಸಿದ!

ಧೈರ್ಯವೆಲ್ಲ ಅಷ್ಟಕ್ಕೇ ಮುಗಿದಿತ್ತು. ಮಗ ಲೈತ್, ಫವ್ವಾಜನ ಮೇಲಧಿಕಾರಿ ಅಬು ಸುಹೈಲರ ಮಗಳು ಸಲ್ಸಬೀಲಳನ್ನು ಮೆಚ್ಚಿ ವರ್ಷವಾಗಿತ್ತು. ಹೋಗಿ ಹೆಣ್ಣು ಕೇಳಿ ಎಂದರೆ ಅಪ್ಪ ಏನಾದರೊಂದು ನೆಪ ಹೇಳಿ ಜಾರಿಕೊಳ್ಳುತ್ತಿದ್ದ. ರಜೆಯ ಅರ್ಜಿಯನ್ನೇ ಬಾಗಿಲ ಸಂದಿಯಲ್ಲಿ ತೂರಿಸಿ ಓಡಿಬರುವವನು ಹೆಣ್ಣು ಕೇಳುವುದುಂಟೇ?

"ಅವರು ಇಲ್ಲ ಅಂದ್ಬಿಟ್ರೆ?"

"ಅಂದ್ರೆ ಅಂದ್ರು. ನುಂಗಿಬಿಡ್ತಾರಾ?"

"ಮಾರನೇ ದಿನ ಆಫೀಸಿಗೆ ಹೋಗೋನು ನಾನು ಕಣೇ!"

ನಲವತ್ತನೆಯ ದಿನ ಇನ್ಶಿರಾಹ್, "ಭಲೇ! ಈ ಸಾಧನೆಗೆ ಒಂದು ಊಟ ಕೊಡಿಸ್ರೀ" ಎಂದಳು. ಹೋಟೆಲನ್ನು ಆರಿಸಿದವಳೂ, ಲೈತನನ್ನು ಜೊತೆಗೆ ಹೊರಡಿಸಿದವಳೂ ಅವಳೇ. ಜನ ಬೀದಿಯವರೆಗೆ ಸಾಲು ನಿಂತಿದ್ದರು. ಅಂತೂ ನುಗ್ಗಿ ಒಳಗೆ ಹೋದರೆ, ನಟ್ಟನಡುವಿನ ಮೇಜಿನಲ್ಲಿ ಹೆಂಡತಿ ಮಗಳೊಂದಿಗೆ ಸಾಕ್ಷಾತ್ ಅಬು ಸುಹೈಲ್! ಫವ್ವಾಜ್ ಗಕ್ಕನೆ ಹಿಂದೆ ತಿರುಗಿದ. ಮೊಣಕೈ ಆಗಲೇ ಹೆಂಡತಿಯ ಹಿಡಿತದಲ್ಲಿತ್ತು.

"ಬನ್ನಿ ಬನ್ನಿ, ಮೂರು ಕುರ್ಚಿ ಖಾಲಿ ಇವೆ!" ಎಂದು ಕರೆದರು ಅಬು ಸುಹೈಲರ ಹೆಂಡತಿ. ಅಂಥ ನೂಕುನುಗ್ಗಲಿನಲ್ಲಿ ಮೂರು ಕುರ್ಚಿ ಅದ್ಹೇಗೆ ಖಾಲಿ ಉಳಿದವು ಎಂದು ಯೋಚಿಸುವ ಸ್ಥಿತಿಯಲ್ಲಿ ಫವ್ವಾಜ್ ಇರಲಿಲ್ಲ.

ಒಂದೇ ದೊಡ್ಡ ಹರಿವಾಣದಲ್ಲಿ ಅನ್ನ, ಮೊಸರಿನಲ್ಲಿ ಬೆಂದ ಕುರಿಮಾಂಸದ ಮನ್ಸಫ್ ಬಂತು. ಅಬು ಸುಹೈಲ್ ತಾವೇ ಮೆತ್ತನೆಯ ಮಾಂಸ ಬಿಡಿಸಿ ಅವನ ಕಡೆಯ ಅನ್ನದ ಮೇಲಿಟ್ಟರು. ಊಟ ಮುಗಿಯುತ್ತಲೇ ಕಾಫಿಯವನು ಪ್ರತ್ಯಕ್ಷನಾದ. ಮೇಲಧಿಕಾರಿ ತರಿಸಿದ ಕಾಫಿ, ಬೇಡವೆಂದರೆ ಅವಮಾನ. ಬಟ್ಟಲು ಹಿಡಿದ. ಅಯ್ಯೋ, ಆ ಏಲಕ್ಕಿಯ ಘಮ! ಮೀಸೆ ನೆನಪಾಯಿತು. ಕುಡಿಯದೆ ಮೆಲ್ಲಗೆ ಕೆಳಗಿಟ್ಟ.

ಮೇಜಿನವರ ಕಣ್ಣೆಲ್ಲ ಆ ಬಟ್ಟಲಿನ ಮೇಲೆ. ಸಲ್ಸಬೀಲ್ ತಲೆ ತಗ್ಗಿಸಿದಳು. ಲೈತನ ಕಿವಿ ಕೆಂಪಾಯಿತು. ಆಗ ಹೊಳೆಯಿತು ಫವ್ವಾಜನಿಗೆ, ತಾನು ಮಾಡಿದ್ದೇನೆಂದು! ಹೆಣ್ಣು ಕೇಳಲು ಹೋದ ಹಿರಿಯ ಹೀಗೆಯೇ ಕಾಫಿಯನ್ನು ಮುಂದಿಟ್ಟುಕೊಂಡು ಕೂರುವುದು. ಹೆಣ್ಣಿನ ಕಡೆಯವರು ಒಪ್ಪುವ ತನಕ ಮುಟ್ಟುವುದಿಲ್ಲ.

"ಅಬು ಲೈತ್, ಬಟ್ಟಲು ಕೆಳಗಿಟ್ರಿ" ಎಂದರು ಅಬು ಸುಹೈಲ್ ಗಂಭೀರವಾಗಿ, ಊರ ರೂಢಿಯಂತೆ ಅವನನ್ನು ‘ಲೈತನ ಅಪ್ಪ’ ಎಂದು ಕರೆದು.

"ಹೌದು ಸಾಹೇಬ್ರೇ... ಅಂದ್ರೆ, ಇಲ್ಲ... ಡಾಕ್ಟರು..."

ಅಕ್ಕಪಕ್ಕದ ಮೇಜಿನವರ ಕೈ ಬಾಯಿಗೆ ಹೋಗದೆ ನಿಂತಿತು. ಕುಡಿದರೆ ಮೀಸೆ ಹೋಗುತ್ತದೆ. ತಾನು ಹೆಣ್ಣು ಕೇಳಲೇ ಇಲ್ಲವೆಂದರೆ ತುಂಬಿದ ಹೋಟೆಲಿನಲ್ಲಿ ಹುಡುಗಿಯ ಮಾನ ಹೋಗುತ್ತದೆ. ಸುಮ್ಮನಿದ್ದರೆ ಕೆಲಸವೇ ಹೋದೀತು! ದೇವರೇ, ಭೂಮಿ ಬಾಯಿ ಬಿಡಬಾರದೇ ಎಂದು ಫವ್ವಾಜ್ ಬೇಡಿಕೊಂಡ.

"ನನ್ನ ಕಂಡ್ರೆ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತೋ ಮನುಷ್ಯ ನೀವು. ಇವತ್ತು ಇಷ್ಟು ಜನರ ಮುಂದೆ ಬಟ್ಟಲು ಇಟ್ರಲ್ಲ! ಎದೆಗಾರಿಕೆ ಅಂದ್ರೆ ಇದಪ್ಪಾ!" ಅಬು ಸುಹೈಲ್ ಮಗಳತ್ತ ನೋಡಿದರು. ಅವಳು ಹೂಂ ಎಂದಳು. "ಕುಡೀರಿ ನಿಮ್ಮ ಕಾಫಿ. ಕೇಳಿದ್ದು ಕೊಟ್ಟಾಯ್ತು."

"ಮೀಸೆ ಕಣೇ..." ಎಂದು ಫವ್ವಾಜ್ ಹೆಂಡತಿಯ ಕಿವಿಯಲ್ಲಿ ಗೋಗರೆದ.

"ಬಾಯಿ ಮುಚ್ಕೊಂಡು ಕುಡೀರಿ!"

ಕಣ್ಣು ಮುಚ್ಚಿ ಒಂದೇ ಗುಟುಕಿಗೆ ಮುಗಿಸಿದ. ಹೋಟೆಲಿಗೆ ಹೋಟೆಲೇ ಚಪ್ಪಾಳೆ ತಟ್ಟಿತು. ಹೆಂಗಸರು ಉಲುಲು ಎಂದು ಮಂಗಳಧ್ವನಿ ಹೊರಡಿಸಿದರು.

ಮನೆಗೆ ಹೋಗುವಾಗ ಕಾರಿನಲ್ಲಿ ಫವ್ವಾಜ್ ನಿಟ್ಟುಸಿರಿಟ್ಟ. "ಡಾಕ್ಟರಿಗೆ ಏನು ಹೇಳೋಣ?"

"ಏನೂ ಬೇಡ. ಅವರು ಉಪ್ಪು ಕಮ್ಮಿ ಮಾಡಿ ಅಂದಿದ್ರು, ಅಷ್ಟೇ."

"ಮತ್ತೆ ಕಾಫಿ?"

"ನೀವು ಬಾಯಿ ಬಿಟ್ಟು ಹೆಣ್ಣು ಕೇಳೋರಲ್ಲ ಅಂತ ನಂಗೂ ಗೊತ್ತಿತ್ತು, ಹುಡುಗಿ ಅಮ್ಮಂಗೂ ಗೊತ್ತಿತ್ತು. ಅದಕ್ಕೇ ಕಾಫಿಗೆ ಬಾಯಿ ಕಟ್ಟಿಸಿದ್ವಿ, ಬಟ್ಟಲು ತಾನಾಗೇ ಕೆಳಗಿಳೀತು."

ಹಿಂದಿನ ಸೀಟಿನಲ್ಲಿ ಲೈತ್ ಕಿಸಕ್ಕೆಂದು ನಕ್ಕ. ಫವ್ವಾಜನ ಕೈ ತಾನಾಗಿ ಮೇಲ್ತುಟಿಗೆ ಹೋಯಿತು. "ಅಲ್ಲ ಕಣೇ, ಹಾಗಾದ್ರೆ ನನ್ನ ಮೀಸೆ?"

"ಮೀಸೆ ಮಾತು ನಾನು ಎತ್ತಿದ್ನಾ? ಅದು ನೀವೇ ಕೊಚ್ಚಿಕೊಂಡಿದ್ದು" ಎಂದಳು ಇನ್ಶಿರಾಹ್. "ಬೆಳಿಗ್ಗೆ ಕಾಫಿಗೆ ನೀರಿಡ್ತೀನಲ್ಲ, ಹಾಗೇ ಕ್ಷೌರಕ್ಕೂ ಒಂದು ಚೊಂಬು ಕಾಯಿಸಿಡ್ತೀನಿ."