ಬಾಲವಿಲ್ಲದ ಡಾಲ್ಫಿನ್

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಕಕ್ಕಸು. ಅದೂ ಯಾರದ್ದೋ ಅಲ್ಲ, ಖುದ್ದು ಡಾಕ್ಟರ್ ಎರ್ಮೆಟೆ ಪಾಲೊಂಬಿಯವರದ್ದು. ಶನಿವಾರ ಬೆಳಿಗ್ಗೆ ಏಳಕ್ಕೆ ಹೆಂಡತಿ ಜೆಲಿಂದಾ ಸರಪಳಿ ಎಳೆದರೆ ನೀರು ಕೆಳಗೆ ಹೋಗುವ ಬದಲು ಮೇಲಕ್ಕೆ ಬಂತು. ಹನ್ನೆರಡರ ಬಸ್ಸಿಗೆ ಅವಳ ತಾಯಿ ಬರುವವರಿದ್ದರು, ಹದಿನೈದು ದಿನ ಇರುವುದಕ್ಕೆ.

"ಎರಡು ಸಾವಿರ ವರ್ಷದ ಹಿಂದಿನೋರ ಚರಂಡಿ ಎಲ್ಲೆಲ್ಲಿ ಹರೀತಿತ್ತು ಅಂತ ಪುಸ್ತಕ ಬರೀತೀಯ. ನಮ್ಮನೇದು ಯಾಕೆ ಹರೀತಿಲ್ಲ, ಹೇಳು ನೋಡೋಣ" ಎಂದಳು ಜೆಲಿಂದಾ. "ಅಮ್ಮ ಬರೋದ್ರೊಳಗೆ ಇದು ಸರಿಯಾಗ್ಲಿಲ್ಲ ಅಂದ್ರೆ ಅದೇ ಬಸ್ಸು ಹತ್ತಿ ತವರಿಗೆ, ಅಂಕೋನಾಕ್ಕೆ ಹೊರಟೆ ಅಂತ ತಿಳ್ಕೋ. ಹೋಗ್ತೀನಿ ಅಷ್ಟೇ, ಬರೋ ಮಾತಿಲ್ಲ."

ಡಾಕ್ಟರ್ ಅಂದರೆ ಸೂಜಿ ಚುಚ್ಚುವವರಲ್ಲ. ರೋಮನ್ನರ ಕಾಲದ ಊರುಕೇರಿಗಳನ್ನು ಅಗೆದು ತೆಗೆಯುವ ಸರ್ಕಾರಿ ಪಂಡಿತರು. ನಮ್ಮ ಮೊಂಟೆರಾವೊದ ಕೆಳಗೆ ದೊಡ್ಡದೊಂದು ರೋಮನ್ ಪಟ್ಟಣ ಮಲಗಿದೆ ಎಂದು ಇಪ್ಪತ್ತೆರಡು ವರ್ಷದಿಂದ ಹೇಳುತ್ತಲೇ ಬಂದಿದ್ದರು. ರಾಜಧಾನಿಯ ಪಂಡಿತರು ಅವರನ್ನು ಕಂಡು ನಗುತ್ತಿದ್ದರು. ನಾವು ನಗುತ್ತಿರಲಿಲ್ಲ, ನಡುಗುತ್ತಿದ್ದೆವು. ಊರಲ್ಲಿ ಯಾರೇ ನೆಲಕ್ಕೆ ಗುದ್ದಲಿ ಹಾಕಲಿ, ಡಾಕ್ಟರು ಕೆಂಪು-ಬಿಳಿ ಪ್ಲಾಸ್ಟಿಕ್ ಪಟ್ಟಿಯ ಸುರುಳಿ ಹಿಡಿದು ಹಾಜರ್! ಹಳೇ ಇಟ್ಟಿಗೆ ಕಂಡರೆ ಮುಗೀತು, ಪಟ್ಟಿ ಸುತ್ತಿ ಕೆಲಸ ನಿಲ್ಲಿಸುತ್ತಿದ್ದರು. ಕ್ಷೌರದಂಗಡಿಯ ದುಯಿಲಿಯೊನ ನೆಲಮಾಳಿಗೆಯಲ್ಲಿ ಒಂದು ತುಂಡು ಗೋಡೆ ಸಿಕ್ಕಿ ಹನ್ನೊಂದು ವರ್ಷವಾಯಿತು, ಪಟ್ಟಿ ಇನ್ನೂ ಬಿಚ್ಚಿಲ್ಲ. ಅದಾದ ಮೇಲೆ ಮಾತ್ರ, ಪಾಪ, ಡಾಕ್ಟರಿಗೆ ನಮ್ಮೂರಲ್ಲಿ ಒಂದು ಚೂರೂ ಸಿಕ್ಕಿರಲಿಲ್ಲ.

ಎಂಟಕ್ಕೆ ಪ್ಲಂಬರ್ ನಜ್ಜರೇನೊ ಬಂದ. ಬಂದವನು ಆಸಿಡ್ ಸುರಿದ, ತಂತಿ ತೂರಿಸಿದ, ದೇವರನ್ನೂ ನೆನೆದ. ನೀರು ಜಪ್ಪಯ್ಯ ಅನ್ನಲಿಲ್ಲ.

"ನೆಲ ಒಡಿ" ಎಂದರು ಡಾಕ್ಟರು.

"ನೆಲ ಯಾಕೆ ಡಾಕ್ಟ್ರೇ? ಗೋಡೆ ಒಡೀಲಾ?"

"ಕಟ್ಕೊಂಡಿರೋದು ನೆಲದಲ್ಲಿ ಕಣೋ ಮಾರಾಯ!"

"ಬೇಕಾದ್ರೆ ಮಹಡಿ ಮೇಲೆ ಹೊಸಾದೊಂದು ಕಟ್ಟಿಕೊಡ್ತೀನಿ. ನೆಲ ಮಾತ್ರ ಬೇಡ. ನಂಗೆ ಸೊಂಟ ನೋವು."

ಡಾಕ್ಟರಿಗೆ ರೇಗಿತು. ಹಾರೆ ಕಿತ್ತುಕೊಂಡು ತಾವೇ ಬಿಟ್ಟರು ನೋಡಿ ನಾಲ್ಕು ಏಟು. ಟೈಲ್ಸು ಹಾರಿತು, ಮಣ್ಣು ಹಾರಿತು. ಐದನೆಯ ಏಟಿಗೆ ಕೈ ಗಾಳಿಯಲ್ಲೇ ನಿಂತಿತು. ಮಣ್ಣಿನೊಳಗಿಂದ ನೀಲಿ-ಬಿಳಿ ಹರಳುಕಲ್ಲುಗಳಲ್ಲಿ ಕೂರಿಸಿದ ಡಾಲ್ಫಿನ್ ಒಂದು ಅವರನ್ನೇ ನೋಡುತ್ತಿತ್ತು. ಮೂತಿ ಇತ್ತು, ಬೆನ್ನಿತ್ತು, ಬಾಲ ಮಾತ್ರ ಇರಲಿಲ್ಲ.

ಡಾಕ್ಟರು ಅಲ್ಲೇ ಕುಸಿದು ಕೂತರು. ಹೇಳಿದರೆ ತಮ್ಮ ಮನೆಯ ಕಕ್ಕಸಿಗೇ ಪಟ್ಟಿ, ಹೆಂಡತಿ ಅಂಕೋನಾಕ್ಕೆ. ಹೇಳದಿದ್ದರೆ ಇಪ್ಪತ್ತೆರಡು ವರ್ಷದ ತಪಸ್ಸು ಸಿಮೆಂಟಿನ ಕೆಳಗೆ. ಎದ್ದು ಬಾಗಿಲ ಚಿಲಕ ಹಾಕಿದರು.

"ಮುಚ್ಚಿಬಿಡೋಣ ಡಾಕ್ಟ್ರೇ, ನಮ್ಮಮ್ಮನಾಣೆ ಯಾರಿಗೂ ಹೇಳಲ್ಲ" ಎಂದ ನಜ್ಜರೇನೊ. ಅವನ ಮುಖ ಅರಳಿತ್ತು.

ಆದರೆ ಹಾರೆಯ ಸದ್ದು ಬೀದಿಗೆ ಮುಟ್ಟಿತ್ತು. ಎದುರಿನ ಬೇಕರಿಯ ಒತ್ತಾವಿಯಾ ಬಿಸಿ ಬ್ರೆಡ್ಡಿನ ನೆಪ ಹಿಡಿದು ಬಂದಳು. ಹಿಂದೆಯೇ ದುಯಿಲಿಯೊ, ಕೈಯಲ್ಲಿ ನೊರೆ ತೊಟ್ಟಿಕ್ಕುವ ಬ್ರಷ್ಷು. ಬಾಗಿಲು ತೆಗೆಯದೆ ಗತಿಯಿರಲಿಲ್ಲ. ಇಷ್ಟು ವರ್ಷದ ಸೇಡನ್ನು ಇವತ್ತು ಬಡ್ಡಿಸಮೇತ ತೀರಿಸಿಕೊಳ್ಳುತ್ತಾರೆ ಎಂದು ಡಾಕ್ಟರು ತಲೆ ತಗ್ಗಿಸಿ ನಿಂತರು.

ಒತ್ತಾವಿಯಾ ಡಾಲ್ಫಿನ್ ನೋಡಿ ಎದೆಯ ಮೇಲೆ ಶಿಲುಬೆ ಎಳೆದುಕೊಂಡಳು. "ಮುಚ್ಚಿ ಡಾಕ್ಟ್ರೇ, ಬೇಗ ಮುಚ್ಚಿ. ನಾವ್ಯಾರೂ ನೋಡೇ ಇಲ್ಲ."

"ಸಿಮೆಂಟ್ ನಾನೇ ಕಲಸಿ ತರ್ತೀನಿ" ಎಂದ ದುಯಿಲಿಯೊ.

ಡಾಕ್ಟರ ಕಣ್ಣು ತುಂಬಿ ಬಂತು. "ಅಯ್ಯೋ, ನೀವು ಎಂಥಾ ದೊಡ್ಡ ಮನಸ್ಸಿನ ಜನ! ನಿಮಗೆ ಎಷ್ಟು ಕಾಟ ಕೊಟ್ಟೆ ನಾನು! ಇಲ್ಲ, ನಿಮಗೊಂದು ಕಾನೂನು ನನಗೊಂದು ಕಾನೂನು ಆಗಕೂಡದು."

"ಆಗಲಿ ಬಿಡಿ ಡಾಕ್ಟ್ರೇ, ಪರವಾಗಿಲ್ಲ!" ಎಂದು ಮೂವರೂ ಒಟ್ಟಿಗೆ ಕೂಗಿದರು.

ಕೇಳುವವರು ಯಾರು? ಡಾಕ್ಟರು ಗುಂಡಿಗೇ ಇಳಿದುಬಿಟ್ಟಿದ್ದರು. ಕಂಬದ ತಲೆ ಬಂತು. ಎಣ್ಣೆಜಾಡಿಯ ಕುತ್ತಿಗೆ ಬಂತು. ಕೊನೆಗೆ ನಡುವೆ ತೂತಿರುವ ಅಮೃತಶಿಲೆಯ ಚಪ್ಪಡಿಯೊಂದು ಬಂತು. ಅದನ್ನು ಕಂಡದ್ದೇ ತಡ, ಮೊಣಕಾಲುದ್ದ ಕೆಸರಿನಲ್ಲಿ ಕುಣಿಯತೊಡಗಿದರು.

"ಕಕ್ಕಸು! ರೋಮನ್ನರ ಕಕ್ಕಸು! ಒಂದೇ ಗಜದಲ್ಲಿ ಗುಡಿ, ಅಡಿಗೆಮನೆ, ಸ್ನಾನದ ಮನೆ, ಕಕ್ಕಸು! ಇಷ್ಟು ಒತ್ತೊತ್ತಾಗಿ ಕಟ್ಟಿದ ಊರು ಇಡೀ ಸಾಮ್ರಾಜ್ಯದಲ್ಲೇ ಇಲ್ಲ!"

ಕುಣಿಯುತ್ತಲೇ ಇಲಾಖೆಯ ನಿರ್ದೇಶಕರಿಗೆ ಫೋನ್ ಮಾಡಿದರು. ಅವರು ಟೀವಿಯವರನ್ನೂ ಕರೆದುಕೊಂಡು ಹೊರಟೇಬಿಟ್ಟರು. ಡಾಕ್ಟರು ತಮ್ಮ ಕಕ್ಕಸಿನ ಬಾಗಿಲಿಗೆ ತಮ್ಮ ಕೈಯಾರೆ ಪಟ್ಟಿ ಕಟ್ಟಿದರು. ಪಕ್ಕದ ಕೋಣೆಯಲ್ಲಿ ಜೆಲಿಂದಾ ಸೂಟ್‌ಕೇಸ್ ಇಳಿಸುವ ಸದ್ದು ಕೇಳಿಸಿತು.

"ಕೆಳಗಿರೋದು ಹಳೇದು, ಮೇಲಿರೋದು ಹೊಸದು. ನಮ್ಮ ವಿದ್ಯೆ ಇಷ್ಟೇ" ಎಂದು ಡಾಕ್ಟರು ಚಪ್ಪಡಿಯ ಕೆಳಗೆ ಕೈ ತೂರಿಸಿದರು. "ಇದರಡಿ ಏನೇ ಸಿಗಲಿ, ಅದು ರೋಮನ್ನರಿಗಿಂತ ಹಳೇದು!"

ಚಪ್ಪಡಿ ಎತ್ತಿದರು. ಅಡಿಯಲ್ಲಿ ಕೆಂಪು ಹಿಡಿಯ ಕಬ್ಬಿಣದ ವಸ್ತುವೊಂದು ಮಲಗಿತ್ತು.

"ಅಯ್ಯೋ, ನನ್ನ ಸ್ಪ್ಯಾನರ್ರು!" ನಜ್ಜರೇನೊ ಮೈಮರೆತು ಕೂಗಿದ. "ಒಂಬತ್ತು ವರ್ಷದಿಂದ ಹುಡುಕ್ತಿದ್ದೆ!"

ಒಂಬತ್ತು ವರ್ಷದ ಹಿಂದೆ ಈ ಕಕ್ಕಸು ಕಟ್ಟಿದವನು ನಜ್ಜರೇನೊನೇ.

"ಏನೋ ಇದು?" ಡಾಕ್ಟರ ದನಿ ಬಾವಿಯೊಳಗಿಂದ ಬಂದಂತಿತ್ತು.

"ಏನ್ ಮಾಡ್ಲಿ ಡಾಕ್ಟ್ರೇ? ಯಾರ ಮನೇಲಿ ಅಗೆದ್ರೂ ಏನಾದ್ರೊಂದು ಸಿಗೋದು. ನಿಮಗೆ ಹೇಳಿದ್ರೆ ಪಟ್ಟಿ. ಹೊಳೆಗೆ ಎಸೆಯೋಕೆ ಮನಸ್ಸು ಬರ್ಲಿಲ್ಲ. ನಿಮ್ಮ ಕಕ್ಕಸಿನ ನೆಲ ತುಂಬಿಸೋಕೆ ಕಲ್ಲುಮಣ್ಣು ಬೇಕಿತ್ತು. ಊರೆಲ್ಲಾ ಅಗೆದ್ರೂ ನಿಮ್ಮನೆ ಒಂದನ್ನ ನೀವು ಅಗೆಯಲ್ಲ ಅಂದ್ಕೊಂಡ್ವಿ."

"ಅಂದ್ಕೊಂಡ್ವಿ? ಯಾರ್ಯಾರು?"

ಒತ್ತಾವಿಯಾ ಸೂರು ನೋಡಿದಳು. ದುಯಿಲಿಯೊ ಬ್ರಷ್ಷು ನೋಡಿಕೊಂಡ. ಜಾಡಿಯ ಕುತ್ತಿಗೆ ಯಾರ ಮನೆಯದೆಂದು ನಾನೂ ಇಲ್ಲಿ ಬಾಯಿ ಬಿಡುವುದಿಲ್ಲ.

ಹಾಗಾದರೆ ಊರ ಕೆಳಗೆ ನಿಜವಾಗಿಯೂ ಪಟ್ಟಣವಿತ್ತು! ಇಪ್ಪತ್ತೆರಡು ವರ್ಷ ತಾವು ಹೇಳಿದ್ದೇ ಸರಿ! ಡಾಕ್ಟರಿಗೆ ಒಂದು ಕ್ಷಣ ಆಕಾಶ ಕೈಗೆ ಸಿಕ್ಕಂತಾಯಿತು. ಮರುಕ್ಷಣ ಬೆವರಿತು. ಈಗ ನಿಜ ಹೇಳಿದರೆ ಸ್ಪ್ಯಾನರಿನ ಮೇಲೆ ರೋಮ್ ಕಟ್ಟಿದ ಪಂಡಿತರೆಂದು ಟೀವಿಯಲ್ಲಿ ಮಾನ ಹೋಗುತ್ತದೆ. ಹೇಳದಿದ್ದರೆ ಈ ಸುಳ್ಳಿನ ಪಟ್ಟಿ ಬಿಚ್ಚುವಂತೆಯೇ ಇಲ್ಲ.

ಅಷ್ಟರಲ್ಲಿ ಬಸ್ಸು ಬಂತು. ಅತ್ತೆ ಅರ್ಜಿಯಾ ಎರಡು ಚೀಲ ಹಿಡಿದು ಇಳಿದರು. "ಮಾತೆಲ್ಲ ಆಮೇಲೆ, ಅಳಿಯಾ. ಮೊದಲು ಕಕ್ಕಸು ಎಲ್ಲಿ ಹೇಳು!"

ಡಾಕ್ಟರು ಪಟ್ಟಿ ಕಟ್ಟಿದ ಬಾಗಿಲು ತೋರಿಸಿದರು. ಒತ್ತಾವಿಯಾಳೇ ಕೈಹಿಡಿದು ತನ್ನ ಮನೆಗೆ ಕರೆದೊಯ್ದಳು. ಅತ್ತೆ ಹಸನ್ಮುಖಿಯಾಗಿ ಹೊರಬಂದರು. ಆಗ ಡಾಕ್ಟರಿಗೆ ನೆನಪಾಯಿತು, ಬೆಳಿಗ್ಗೆಯಿಂದ ತಾವೂ ಹೋಗಿಲ್ಲ. ಒಮ್ಮೆ ನೆನಪಾದ ಮೇಲೆ ತಡೆಯುವುದುಂಟೇ?

"ಸಿನ್ಯೋರಾ ಒತ್ತಾವಿಯಾ, ನಾನೂ ಸ್ವಲ್ಪ..."

"ಹೋಗಿ ಡಾಕ್ಟ್ರೇ, ಅದಕ್ಕೇನಂತೆ" ಎಂದಳು ಒತ್ತಾವಿಯಾ. "ಆದ್ರೆ ಕಣ್ಣು ಮುಚ್ಚಿಕೊಂಡೇ ಕೂತ್ಕೋಬೇಕು. ಮೇರಿಮಾತೆಯ ಮೇಲೆ ಆಣೆ ಇಡಿ."

ಡಾಕ್ಟರು ಆಣೆಯಿಟ್ಟು, ಕೆಸರಿನ ಬೂಟು ಕಳಚಿ ಒಳಗೆ ಓಡಿದರು. ಕಣ್ಣು ಮುಚ್ಚಿ ಕೂತರು. ಬರಿಗಾಲಿಗೆ ಸಣ್ಣ ಸಣ್ಣ ಹರಳುಕಲ್ಲು ತಗಲಿತು. ಹೆಬ್ಬೆರಳು ತಾನಾಗಿಯೇ ಗೆರೆ ಹಿಡಿದು ಸಾಗಿತು: ಒಂದು ಬಳುಕು, ತುದಿಯಲ್ಲಿ ಎರಡು ಕವಲು. ಆಣೆ ನೆನೆದು ಕಣ್ಣನ್ನು ಇನ್ನೂ ಬಿಗಿಯಾಗಿ ಮುಚ್ಚಿಕೊಂಡರು.

ಹೊರಗೆ ಕಾರು ನಿಂತಿತು, ಬಾಗಿಲು ಬಡಿದವು. ನಿರ್ದೇಶಕರ ದನಿ: "ಡಾಕ್ಟರ್ ಪಾಲೊಂಬಿ ಎಲ್ಲಿ?"

ಅತ್ತೆಯ ಕಂಠ ಇಡೀ ಬೀದಿಗೆ ಕೇಳಿಸುವಂತಿತ್ತು.

"ಇಲ್ಲೇ ಒತ್ತಾವಿಯಾಳ ಕಕ್ಕಸಿನಲ್ಲಿದ್ದಾನೆ ಸ್ವಾಮೀ! ನೆಲದಲ್ಲಿ ಮೀನಿನ ಬಾಲ ಏನು ಚೆಂದ ಇದೆ ಅಂತೀರಿ, ರೋಮನ್ನರ ಕಾಲದ್ದೇ ಇರ್ಬೇಕು. ನನ್ನ ಅಳಿಯ ಅದರ ಮೇಲೇ ಕೂತಿದ್ದಾನೆ, ಕಣ್ಣು ಮುಚ್ಚಿಕೊಂಡು!"